ಶನಿವಾರ ಯಾರೂ ರಬ್ಬರ್ ತರತಕ್ಕದ್ದಲ್ಲ

ಕನ್ನಡ ಓದುಗರ ಬಳಗ, ಮೋಲ್ನ್‌ಡಾಲ್, ಸ್ವೀಡನ್
(ಇಂಗ್ಲಿಷ್ ಕಾದಂಬರಿ ವಿಭಾಗ)

ಸಂಖ್ಯೆ: ಓಬ/ಇಂಕಾ/97/2016
ದಿನಾಂಕ: 10-10-2016

ಸುತ್ತೋಲೆ

ವಿಷಯ: ಮಿಸ್ ಹೆಸ್ಟರ್ ಪ್ಲಂಬ್ಲಿ ಅವರ ಕಾದಂಬರಿಯ ಹಳೆಯ ಪ್ರತಿಯನ್ನು ಗ್ರಂಥಾಲಯದ ಮೇಜಿನಿಂದ ಎತ್ತಿಕೊಳ್ಳುವ ಬಗ್ಗೆ.

ಉಲ್ಲೇಖ: (1) ದಿವಂಗತ ನಂದಕುಮಾರ ಅವರ ಪೆನ್ಸಿಲ್ ಟಿಪ್ಪಣಿಗಳು.
(2) ಶ್ರೀ ಭಾಸ್ಕರ ಅವರು ದಿ. 02-10-2016ರಂದು ಫೋನಿನಲ್ಲಿ ನೀಡಿದ ತಪ್ಪೊಪ್ಪಿಗೆ.

ಪೀಠಿಕೆ: ಬ್ರಿಟನ್ನಿನ ಮಿಸ್ ಪ್ಲಂಬ್ಲಿ (1889–1961) ಹದಿನಾಲ್ಕು ಕಾದಂಬರಿ ಬರೆದರು, ಮೂರು ಬೆಕ್ಕು ಸಾಕಿದರು, ಮದುವೆಯಾಗಲಿಲ್ಲ. ಊರೂರಿನ ಗ್ರಂಥಾಲಯಗಳಿಗೆ ಹೋಗಿ ತಮ್ಮ ಪುಸ್ತಕದ ಅಂಚುಗಳಲ್ಲಿ ಪೆನ್ಸಿಲಿನಿಂದ ತಿದ್ದುವುದು ಅವರ ಅಭ್ಯಾಸವಾಗಿತ್ತು. ಬಳಗದ ಸದಸ್ಯ ನಂದಕುಮಾರ ಇದನ್ನೇ ಅನುಮತಿಯೆಂದು ಭಾವಿಸಿ, ನಗರದ ಗ್ರಂಥಾಲಯದಲ್ಲಿರುವ ‘ಪಾದ್ರಿಯ ಛತ್ರಿ’ಯ ಅಂಚಿನ ತುಂಬ ಕನ್ನಡದಲ್ಲಿ ಬರೆದು, ಪುಸ್ತಕ ಹಿಂದಿರುಗಿಸಿ, ಕಳೆದ ಫೆಬ್ರವರಿಯಲ್ಲಿ ನಿಧನರಾದರು.

ವಿಷಯ ತಿಳಿದ ಹನ್ನೊಂದು ಸದಸ್ಯರು ಪ್ರೀತಿಯಿಂದ ಒಂದೇ ದಿನ ಆ ಪುಸ್ತಕವನ್ನು ಕಾಯ್ದಿರಿಸಿದರು. ದಿವಂಗತರ ಪತ್ನಿಯ ಸರದಿ ಹನ್ನೆರಡನೆಯದಾಯಿತು. ಬೇಡಿಕೆ ಕಂಡು ಬೆರಗಾದ ಗ್ರಂಥಾಲಯವು ಎರಡು ಹೊಸ ಪ್ರತಿ ತರಿಸಿದೆ. ಹಳೆಯದನ್ನು ಶನಿವಾರ, 15ನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ‘ಬೇಕಾದವರು ಒಯ್ಯಿರಿ’ ಎಂಬ ಮೇಜಿನ ಮೇಲೆ ಇಡಲಿದೆ. ಬೇರೆ ತೆಗೆದಿಡಲು ಕೋರಲಾಗಿ, ಮೇಜು ಎಲ್ಲರಿಗೂ ಒಂದೇ ಎಂದು ನಗುಮುಖದಿಂದ ತಿಳಿಸಲಾಯಿತು. ಮೊದಲು ಎತ್ತಿದವರಿಗೆ ಪುಸ್ತಕ.

ಆದ್ದರಿಂದ ಸದಸ್ಯರಿಗೆ ಈ ಮೂಲಕ ಸೂಚಿಸಲಾಗಿದೆ:

1. ಎಲ್ಲರೂ 9:40ಕ್ಕೆ ಬಾಗಿಲ ಮುಂದೆ ಸಾಲು ನಿಲ್ಲತಕ್ಕದ್ದು. ಟೋರ್ಸ್‌ಲಾಂಡದಿಂದ ಬರುವವರು ಬಸ್ಸಿನ ನೆಪ ಹೇಳತಕ್ಕದ್ದಲ್ಲ. ಈ ದೇಶದಲ್ಲಿ ಆ ನೆಪ ಊರ್ಜಿತವಲ್ಲ.

2. ಇಬ್ಬರ ನಡುವೆ ಇಲ್ಲಿಯವರು ಬಿಡುವಷ್ಟು ಜಾಗ ಬಿಡತಕ್ಕದ್ದು. ಇಲ್ಲಿಯವರು ನುಸುಳುವಷ್ಟು ಬಿಡತಕ್ಕದ್ದಲ್ಲ. ಅಳತೆಗಾಗಿ ಶ್ರೀಮತಿ ಸುಲೋಚನಾ ಛತ್ರಿ ತರುವರು.

3. ಅಪರಿಚಿತರು ಪುಸ್ತಕದತ್ತ ಕೈ ಚಾಚಿದಲ್ಲಿ ತಳ್ಳತಕ್ಕದ್ದಲ್ಲ. ಮಿಸ್ ಪ್ಲಂಬ್ಲಿ ಅವರ ಜೀವನ ಮತ್ತು ಕೃತಿಗಳ ಬಗ್ಗೆ ಅವರೊಡನೆ ಮಾತು ಆರಂಭಿಸತಕ್ಕದ್ದು. ಬೆಕ್ಕುಗಳಿಂದ ಶುರುಮಾಡಿದರೆ ಒಳ್ಳೆಯದು. ಮೂರನೇ ಕಾದಂಬರಿ ಬರುವಷ್ಟರಲ್ಲಿ ಅವರು ಹೊರಟುಹೋಗುವರೆಂದು ನಿರೀಕ್ಷಿಸಲಾಗಿದೆ.

4. ರಬ್ಬರ್ ನಿಷೇಧಿಸಲಾಗಿದೆ. ಪುಟ 41ರಲ್ಲಿ “ಈ ಪಾದ್ರಿ ಥೇಟ್ ನಮ್ಮ ಭಾಸ್ಕರ. ಫೋನ್ ಮಾಡದೆ ಬರ್ತಾನೆ, ಊಟ ಆದ್ಮೇಲೂ ಏಳಲ್ಲ” ಎಂದು ಬರೆಯಲಾಗಿತ್ತು. ಶ್ರೀ ಭಾಸ್ಕರ ಅವರು ತಮ್ಮ ಸರದಿಯಲ್ಲಿ ಇದನ್ನು ಅಳಿಸಿ, ಇದೊಂದನ್ನೇ ಅಳಿಸಿದರೆ ಅನುಮಾನ ಬಂದೀತೆಂದು ಮೊದಲ ಪುಟದಿಂದ 96ರವರೆಗೆ ಎಲ್ಲವನ್ನೂ ಅಳಿಸಿರುತ್ತಾರೆ. ಅವರಿಗಿಂತ ಮುಂಚೆ ಓದಿದ ಆರು ಮಂದಿಗೆ ಪುಟ 41 ಬಾಯಿಪಾಠವಾಗಿರುವುದರಿಂದ ಅಳಿಸಿದ್ದು ವ್ಯರ್ಥ. 97ರಲ್ಲಿ ರಬ್ಬರ್ ನಿಂತಿದೆ. ಅವರ ಹೇಳಿಕೆ: “ತಪ್ಪಾಯ್ತಮ್ಮ. ಅಲ್ಲಿ ನಿನ್ನ ಹೆಸರಿತ್ತು. ಕೈ ಓಡಲಿಲ್ಲ.”

5. ಪುಟ 97ರಲ್ಲಿ ಹೀಗಿರುವುದಾಗಿ ವರದಿಯಾಗಿದೆ: “ನೀರಜಾ, ಇಲ್ಲೀವರೆಗೂ ಬಂದ್ಯಾ? ಎದ್ದು ಕಾಫಿ ಇಡು. ಮುಂದೆ ಮಜಾ ಇದೆ.” ಮುಂದಿನದನ್ನು ದಿವಂಗತರ ಪತ್ನಿ ಇನ್ನೂ ಓದಿಲ್ಲ. ಓದಿದವರು ಹೇಳತಕ್ಕದ್ದಲ್ಲ. ಹೇಳುವುದಿಲ್ಲವೆಂದು ಮುಖ ಮಾಡತಕ್ಕದ್ದೂ ಅಲ್ಲ. ಶ್ರೀಮತಿ ರಮಾ ಅವರ “ಅಯ್ಯೋ, ಪುಟ 203 ಇದೆಯಲ್ಲಾ... ಬೇಡ ಬಿಡು” ಎಂಬ ಮಾತನ್ನು ಕಡತದಲ್ಲಿ ದಾಖಲಿಸಲಾಗಿದೆ.

6. ಪುಸ್ತಕ ಎತ್ತುವವರು ಸದರಿ ಪತ್ನಿ ಒಬ್ಬರೇ. ಅವರು ಅಳಬಹುದೆಂದು ಕರವಸ್ತ್ರ ತರತಕ್ಕದ್ದಲ್ಲ; ಎಂಟು ತಿಂಗಳಿಂದ ಅಂಥದ್ದೇನೂ ನಡೆದಿಲ್ಲ. ನಡೆಯುವುದಿಲ್ಲವೆಂಬ ಭರವಸೆಯನ್ನೂ ನೀಡಲಾಗುವುದಿಲ್ಲ. ಪುಳಿಯೋಗರೆ ಡಬ್ಬಿಯೂ ಬೇಡ. ಫ್ರೀಜರಿನಲ್ಲಿ ಜಾಗವಿಲ್ಲ.

7. ಸಂಜೆ ನಾಲ್ಕಕ್ಕೆ ಸಂಚಾಲಕಿಯ ಮನೆಯಲ್ಲಿ ಫೀಕಾ (ಇಲ್ಲಿಯವರ ಕಾಫಿ-ತಿಂಡಿ), ನಂತರ ಊಟ. ಶ್ರೀ ಭಾಸ್ಕರ ಅವರು ಫೋನ್ ಮಾಡಿ ಬರತಕ್ಕದ್ದು. ಊಟವಾದ ಮೇಲೆ ಏಳದಿದ್ದರೂ ಆಕ್ಷೇಪಣೆ ಇಲ್ಲ.

ಸಹಿ/-
(ನೀರಜಾ ನಂದಕುಮಾರ)
ಸಂಚಾಲಕಿ

ಪ್ರತಿಗಳು:
1. ಹನ್ನೊಂದು ಸದಸ್ಯರಿಗೆ.
2. ಶ್ರೀ ಭಾಸ್ಕರ ಅವರಿಗೆ ಇನ್ನೊಂದು, ಶಾಯಿಯಲ್ಲಿ.
3. ಮಿಸ್ ಪ್ಲಂಬ್ಲಿ ಅವರ ಬೆಕ್ಕುಗಳಿಗೆ, ಮಾಹಿತಿಗಾಗಿ.
4. ನಂದಕುಮಾರ, ಪುಟ 97ರ ಅಂಚು: ಶನಿವಾರ ಹನ್ನೊಂದಕ್ಕೆ ಕಾಫಿ ಇಡಲಾಗುವುದು.