ಮಾದಪ್ಪನ ಆಧಾರ್ ಕಾರ್ಡು

"ಅಲ್ಲಾ, ಮಾದಪ್ಪನ ಆಧಾರ್ ಕಾರ್ಡ ಎಲ್ಲಿಂದ ತರ್ಲಿ?"

ಚಾಮರಾಜನಗರದ ಕಚೇರಿಯೊಂದರ ಮೆಟ್ಟಿಲ ಮೇಲೆ ನಿಂತು ಚಿಕ್ಕಮಲ್ಲಪ್ಪ ಕೇಳಿದ. ಯಾರನ್ನೂ ಕೇಳಿದ್ದಲ್ಲ. ಎದುರಿಗಿದ್ದ ಹೊಂಗೆ ಮರವೂ ತನಗೆ ಸಂಬಂಧವಿಲ್ಲವೆಂಬಂತೆ ಒಂದು ಎಲೆ ಉದುರಿಸಿ ಸುಮ್ಮನಾಯಿತು.

ತಪ್ಪು ಎಂಟು ವರ್ಷ ಹಳೆಯದು. ಗುಂಡ್ಲುಪೇಟೆಯಲ್ಲಿ ಅರಿಸಿನ, ಖಾರದಪುಡಿ ಮಾಡಿಕೊಡುವ ಮಿಲ್ಲು ಹಾಕಿದಾಗ ಲೈಸೆನ್ಸು ಬರೆಯುವವರು "ಮಾಲೀಕರ ಹೆಸರು?" ಎಂದಿದ್ದರು. ಚಿಕ್ಕಮಲ್ಲಪ್ಪ ಮಲೆ ಮಾದೇಶ್ವರನ ಒಕ್ಕಲು; ಜನರ ಬಾಯಲ್ಲಿ ಆ ದೇವರು ಮಾದಪ್ಪ. ಏಳುಮಲೆಯ ದಿಕ್ಕಿಗೆ ಕೈಮುಗಿದು, "ಎಲ್ಲಾ ಮಾದಪ್ಪಂದೇ ಬುದ್ದಿ, ನಾನು ಬರೀ ಆಳು" ಎಂದಿದ್ದ. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡರು. ಮಾಲೀಕರು: ಮಾದಪ್ಪ. ಚಿಕ್ಕಮಲ್ಲಪ್ಪ ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ. ದಿನಾ ಎರಡಕ್ಕೂ ವಿಭೂತಿ ಹಚ್ಚಿ ಊದುಬತ್ತಿ ಬೆಳಗುತ್ತಿದ್ದ. ಓದಿ ನೋಡಿದವನಲ್ಲ.

ಈಗ ಮಿಲ್ಲಿನ ಮಿಷನ್ನು ದಮ್ಮು ಹಿಡಿದ ಅಜ್ಜನಂತೆ ಎರಡು ಸಲ ಕೆಮ್ಮಿ ಮಲಗಿಬಿಟ್ಟಿತ್ತು. ಗಿರಾಕಿಗಳು ಅರಿಸಿನದ ಚೀಲ ಹೊತ್ತು ಹಿಂದಿನ ಬೀದಿಯ ಇನ್ನೊಂದು ಮಿಲ್ಲಿಗೆ ದಾಟುತ್ತಿದ್ದರು. "ಇನ್ನೊಂದ್ ವಾರ ಹಿಂಗೇ ಆದ್ರ ಬಾಗ್ಲು ಹಾಕದೇಯ" ಎಂದಿದ್ದಳು ಹೆಂಡತಿ ಗುರುಮಲ್ಲಮ್ಮ. ಆಗ ಪಕ್ಕದ ಅಂಗಡಿಯ ಟೈಲರ್ ನೀಲಕಂಠಸ್ವಾಮಿ ಸುದ್ದಿ ತಂದ. ಹೊಸ ಮಿಷನ್ನಿಗೆ ಸರ್ಕಾರದ ಸಹಾಯಧನವುಂಟು, ಅರ್ಜಿಗೆ ಇವತ್ತೇ ಕೊನೇ ದಿನ. ಚಿಕ್ಕಮಲ್ಲಪ್ಪ ಕಟ್ಟು ಹಾಕಿಸಿದ ಲೈಸೆನ್ಸನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಬಸ್ಸು ಹತ್ತಿದ. ಕರೆಯದಿದ್ದರೂ ನೀಲಕಂಠಸ್ವಾಮಿ ಜೊತೆಗೆ ಹತ್ತಿದ.

ಅಧಿಕಾರಿ ಸುಧಾಮಣಿ ಒಳ್ಳೆಯ ಹೆಂಗಸು. ಗಾಜಿನ ಮೇಲಿನ ವಿಭೂತಿಯನ್ನು ಬೆರಳಲ್ಲಿ ಸರಿಸಿ ಓದಿದರು. "ಎಲ್ಲಾ ಸರಿ ಇದೆ. ಆದ್ರೆ ಮಾಲೀಕರು ಮಾದಪ್ಪ ಅಂತಿದೆಯಲ್ಲ? ಅವರು ಆಧಾರ್ ಕಾರ್ಡು ತಂದು, 'ವ್ಯಾಪಾರ ಇವರಿಗೆ ಬಿಟ್ಟುಕೊಟ್ಟಿದೀನಿ' ಅಂತ ನನ್ನೆದುರು ಸಹಿ ಹಾಕಲಿ. ಎಲ್ಲಿರ್ತಾರೆ ಅವರು?"

"ಬೆಟ್ಟದಲ್ಲಿ ಮೇಡಂ."

"ಫೋನ್ ಮಾಡಿ ಕರೆಸಿ. ಐದು ಗಂಟೆವರೆಗೂ ಇರ್ತೀನಿ."

ಹೀಗೆ ಅವನು ಮೆಟ್ಟಿಲ ಮೇಲೆ ನಿಂತದ್ದು.

"ಅಯ್ಯೋ ಮಂಕೇ, ಈ ಜಿಲ್ಲೇಲಿ ಮಾದಪ್ಪಂಗೆ ಬರವಾ?" ಎಂದ ನೀಲಕಂಠಸ್ವಾಮಿ. ಕಚೇರಿಯ ಅಂಗಳದಲ್ಲಿ ನಾನಾ ಕೆಲಸಕ್ಕೆ ಬಂದವರು ಕಿಕ್ಕಿರಿದಿದ್ದರು. ಬಾಯಿಯ ಸುತ್ತ ಎರಡೂ ಕೈ ಹಿಡಿದು ಕೂಗಿದ: "ಮಾದಪ್ಪೋರೇ!"

ಏಳು ತಲೆ ತಿರುಗಿದವು.

ಏಳರಲ್ಲಿ ಪುರುಸೊತ್ತಿದ್ದವನು ಒಬ್ಬನೇ, ಕುದೇರು ಎಂಬ ಊರಿನ ಮುದುಕ. ಪಿಂಚಣಿ ಕೆಲಸಕ್ಕೆ ಬಂದವನು. ಆಧಾರ್ ಕಾರ್ಡು ಅಂಗಿ ಜೇಬಿನಲ್ಲೇ ಇತ್ತು. ಊಟ ಹಾಕಿಸಿದರೆ ಒಂದು ಸಹಿ ಹಾಕಲು ಒಪ್ಪಿದ.

"ಇದು ಸುಳ್ಳಾಗಕಿಲ್ವ ನೀಲಕಂಠ?" ಚಿಕ್ಕಮಲ್ಲಪ್ಪ ಪಿಸುಗುಟ್ಟಿದ.

"ಸುಳ್ಳೇನ್ ಬಂತ್ಲಾ? ಸ್ವಾಮಿ ಬೆಟ್ಟ ಇಳಿಯಕಾಗ್ದೆ ಇವರ್ನ ಕಳ್ಸವ್ನೆ ಅನ್ಕೋ."

ಭಕ್ತನಿಗೆ ಅಷ್ಟು ಸಾಕಾಯಿತು. ಮುದುಕನನ್ನು ಹೋಟೆಲಿಗೆ ಕರೆದೊಯ್ದು, ಕೈಗೆ ತಾನೇ ನೀರು ಹಾಕಿ, ಅವನ ಎಲೆಗೆ ಬಡಿಸಿದ ಮೇಲೇ ತನ್ನ ಎಲೆ ಹಾಕಿಸಿಕೊಂಡ. ಆ ಹೆಸರಿನವರು ಮುಂದೆ ಕೂತು ಉಣ್ಣುವಾಗ ಅವನಿಗೆ ಏಕವಚನವೇ ಹೊರಡಲಿಲ್ಲ. ನೀಲಕಂಠಸ್ವಾಮಿ ಪಾಠ ಹೇಳಿಕೊಟ್ಟ. "ಯಾರ್ ಕೇಳುದ್ರೂ ಮಿಲ್ಲು ನಂದು ಅನ್ಬೇಕು. ಎದೆ ಉಬ್ಬುಸ್ಕೊಂಡು ಅನ್ಬೇಕು. ಎಲ್ಲಿ, ಅನ್ನಿ?"

"ಮಿಲ್ಲು ನಂದು" ಎಂದ ಮುದುಕ, ಅಳುಕುತ್ತಾ.

"ಇವ್ನು ಯಾರು?" ಎಂದು ಚಿಕ್ಕಮಲ್ಲಪ್ಪನನ್ನು ತೋರಿಸಿದ.

ಮುದುಕ ಬಾಯಿ ತೆರೆಯುವ ಮೊದಲೇ ಚಿಕ್ಕಮಲ್ಲಪ್ಪ ಅಭ್ಯಾಸಬಲದಿಂದ ಕೈಮುಗಿದ. "ಎಲ್ಲಾ ನಿಮ್ದೇ ಬುದ್ದಿ, ನಾನು ಬರೀ ಆಳು."

ಮುದುಕ ಕಟ್ಟು ಹಾಕಿದ ಲೈಸೆನ್ಸನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದ. "ಮಾ-ದ-ಪ್ಪ. ವಿಭೂತಿ ಬ್ಯಾರೆ ಇಕ್ಕವ್ರೆ ನೋಡು! ಎಪ್ಪತ್ತೊರ್ಸಾಯ್ತು, ನನ್ನೆಸ್ರು ಯಾರೂ ಗೋಡೆ ಮೇಲ ಹಾಕಿರ್ನಿಲ್ಲ."

ಪಾಯಸ ಬರುವ ಹೊತ್ತಿಗೆ ಎದೆ ತಾನಾಗಿಯೇ ಉಬ್ಬಿತ್ತು. "ಮೆಣಸಿನಕಾಯಿ ಅರೆದ ಮಿಷನ್ಗೆ ತೊಳೀದೆ ಅರಿಸಿನ ಹಾಕ್ಬ್ಯಾಡ" ಎಂದ. ಬಾಳೆಹಣ್ಣು ಸುಲಿಯುತ್ತಾ, "ಮಿಲ್ಲಿನ್ ಪಕ್ಕದಲ್ಲಿ ಏನದೆ?" ಎಂದು ಕೇಳಿದ.

"ನಂದೇ ಟೈಲರ್ ಅಂಗಡಿ" ಎಂದ ನೀಲಕಂಠಸ್ವಾಮಿ.

"ಬಟ್ಟೆಗಿಟ್ಟೆ ನಮ್ ಮಿಲ್ಲಿನ್ ಬಾಗ್ಲಿಗ ನೇತಾಕಿದ್ದೀಯ?"

ನೇತುಹಾಕಿದ್ದು ನಿಜವೇ. ನೀಲಕಂಠಸ್ವಾಮಿ ಪಾಯಸವನ್ನು ನೋಡುತ್ತಾ ಕೂತ.

"ನಾಳಿಕ್ಕೇ ತಗೀಬೇಕು."

ಎಂಟು ವರ್ಷದಿಂದ ತನಗೆ ಹೇಳಲಾಗದ ಮಾತನ್ನು ಯಾರೋ ಹೇಳಿದರೆಂದು ಚಿಕ್ಕಮಲ್ಲಪ್ಪನ ಮನಸ್ಸು ತಂಪಾಯಿತು. ಇವರು ಸ್ವಾಮಿ ಕಳಿಸಿದವರೇ ಸರಿ! ಕಚೇರಿಗೆ ವಾಪಸು ನಡೆಯುವಾಗ ಅವನ ಕಣ್ಣಿಗೆ ಹೊಸ ಮಿಷನ್ನೂ, ಅದಕ್ಕೆ ಹೂವಿನ ಹಾರವೂ, ಅದರ ಮುಂದೆ ನಗುತ್ತಾ ನಿಂತ ಗುರುಮಲ್ಲಮ್ಮನೂ ಕಂಡರು.

ನಾಲ್ಕೂಮುಕ್ಕಾಲು. ಸುಧಾಮಣಿ ಆಧಾರ್ ಕಾರ್ಡು ನೋಡಿ ತಲೆದೂಗಿ, ಒಪ್ಪಿಗೆ ಪತ್ರವನ್ನು ಮುಂದಿಟ್ಟರು.

"ಮಾದಪ್ಪನವರೇ, ಈ ಮಿಲ್ಲು ನಿಮ್ಮದೇನಾ?"

"ನಂದೇ ಕಣವ್ವ!" ಪಕ್ಕದ ಕೋಣೆಗೂ ಕೇಳಿಸಿತು.

"ಇವರಿಗೆ ಬಿಟ್ಟುಕೊಡೋಕೆ ಒಪ್ಪಿಗೆ ಇದೆಯಾ?"

ಮುದುಕ ಪೆನ್ನು ತೆಗೆದುಕೊಂಡ. ಕಾಗದ ನೋಡಿದ. ಮೇಜಿನ ಮೇಲೆ ವಿಭೂತಿ ಧರಿಸಿ ಕೂತಿದ್ದ ತನ್ನ ಹೆಸರನ್ನು ನೋಡಿದ. ಪೆನ್ನಿಗೆ ನಿಧಾನವಾಗಿ ಮುಚ್ಚಳ ಹಾಕಿದ.

"ಬುಟ್ಟುಕೊಟ್ಬುಟ್ರೆ ನನ್ನೆಸ್ರು ಗೋಡೆಯಿಂದ ಇಳೀತದಲ್ಲವ್ವ?"

"ಹೌದು. ಹೊಸ ಲೈಸೆನ್ಸು ಇವರ ಹೆಸರಿಗೆ ಆಗುತ್ತೆ. ಇವರು ನಿಮಗೆ ಗೊತ್ತಿರೋರು ತಾನೆ?"

"ಗೊತ್ತಿಲ್ದೆ ಏನವ್ವ? ನಂಬಿಕಸ್ತ ಆಳು. ಕೈಗೆ ನೀರು ಹಾಕದ್ರಲ್ಲೇ ತಿಳೀತದೆ. ಇವ್ನ ಕೆಲ್ಸದಿಂದ ತಗಿಯಕಿಲ್ಲ. ಹೊಸ ಮಿಷನ್ನ ನನ್ನೆಸ್ರಿಗೇ ಕೊಡಿ, ಇವ್ನೇ ನೋಡ್ಕತಾನೆ."

ಚಿಕ್ಕಮಲ್ಲಪ್ಪ ತಿರುಗಿ ನೋಡಿದ. ನೀಲಕಂಠಸ್ವಾಮಿ ನಿಂತಿದ್ದ ಜಾಗ ಖಾಲಿಯಾಗಿತ್ತು. ಇವರು ಮಾಲೀಕರಲ್ಲ ಎನ್ನೋಣವೆಂದರೆ ಕರೆತಂದವನು ತಾನೇ. ಆಳು ನಾನಲ್ಲ ಎನ್ನೋಣವೆಂದರೆ ಎಂಟು ವರ್ಷದಿಂದ ಹೇಳಿಕೊಂಡು ಬಂದವನೂ ತಾನೇ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷವಿತ್ತು. ದಿನಾ ಪಟದ ಮುಂದೆ ನಿಲ್ಲುವಂತೆಯೇ ಎರಡೂ ಕೈ ಜೋಡಿಸಿದ.

"ಮಾದಪ್ಪಾ, ನಿನ್ ದಮ್ಮಯ್ಯ, ಒಂದೇ ಒಂದ್ ಸೈನು ಹಾಕ್ಬುಡಪ್ಪ."

ಮಾದಪ್ಪ ಲೈಸೆನ್ಸನ್ನು ಎದೆಗವಚಿಕೊಂಡು, ಪಟದಲ್ಲಿರುವವನಷ್ಟೇ ಶಾಂತವಾಗಿ ಅವನನ್ನು ನೋಡಿದ.

"ಹಾಕಕಿಲ್ಲ."