ಸುಧೀಂದ್ರನ ಕಾಲು ಉಳುಕಿದ ಪ್ರವಾಸ

ಪರರ ದೊಡ್ಡ ಐಶ್ವರ್ಯ ಕಂಡರೆ ನನಗೆ ಹೊಟ್ಟೆಕಿಚ್ಚು ಬರುವುದಿಲ್ಲ. ನಮ್ಮ ನೈರೋಬಿಯ ಶ್ರೀಮಂತರ ಬಡಾವಣೆ ಲ್ಯಾವಿಂಗ್ಟನ್ನಿನಲ್ಲಿ ಈಜುಕೊಳವಿರುವ ಬಂಗಲೆ ಕಂಡರೆ, 'ತೊಳೆಯುವವರಿಗೆ ಕಷ್ಟ' ಅಂದುಕೊಂಡು ಮುಂದೆ ಹೋಗುತ್ತೇನೆ. ಆದರೆ ನನ್ನಂಥವನೇ ಒಬ್ಬನಿಗೆ, ನನ್ನ ಪಕ್ಕದಲ್ಲೇ, ನನಗಿಂತ ಒಂದು ಚೂರು ಹೆಚ್ಚು ಸಿಕ್ಕಿಬಿಟ್ಟರೆ ಅವತ್ತು ಅನ್ನ ಸೇರುವುದಿಲ್ಲ. ನಾವಿರುವ ಕಿಲಿಮಾನಿ ಬಡಾವಣೆಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿರುವ ಸುಧೀಂದ್ರ ಅಂಥವನು. ಇಬ್ಬರೂ ಮೈಸೂರಿನವರು, ಒಂದೇ ಔಷಧಿ ಕಾರ್ಖಾನೆಯ ಮ್ಯಾನೇಜರುಗಳು, ಇಬ್ಬರದೂ ಬೋಳುತಲೆ. ಅವನಿಗೆ ಮಾತ್ರ ಅದು ಒಪ್ಪುತ್ತದೆ.

ಹೋದ ಜುಲೈನಲ್ಲಿ ಎರಡೂ ಸಂಸಾರ ಸೇರಿ ಡೆನ್ಮಾರ್ಕ್, ಸ್ವೀಡನ್, ನಾರ್ವೆ ನೋಡಲು ಹೊರಟೆವು. ಕೋಪನ್‌ಹೇಗನ್ನಿನಲ್ಲಿ ಇಳಿದಾಗ ಸುಧೀಂದ್ರನ ಸೂಟ್‌ಕೇಸು ಎಲ್ಲರದಕ್ಕಿಂತ ಮೊದಲು, ಮದುವಣಗಿತ್ತಿಯ ಹಾಗೆ, ಬೆಲ್ಟಿನ ಮೇಲೆ ಮೆಲ್ಲಗೆ ಬಂತು. ನನ್ನದು ಬರಲೇ ಇಲ್ಲ. ಚಟ್ನಿಪುಡಿ, ಅವಲಕ್ಕಿ, ಬನಿಯನ್ನು ಎಲ್ಲವೂ ಅದರಲ್ಲೇ ಇದ್ದವು. "ಅದಕ್ಯಾಕೋ ಮುಖ ಸಣ್ಣ ಮಾಡ್ತೀಯಾ? ನನ್ನ ಬಟ್ಟೆ ಹಾಕ್ಕೋ" ಎಂದು ಅವನು ಅಲ್ಲೇ ಪೆಟ್ಟಿಗೆ ಬಿಚ್ಚಿದ. ಹೀಗೆ, ಯಾರನ್ನು ಕಂಡು ಉರಿಯುತ್ತಿದ್ದೆನೋ ಅವನದೇ ಸ್ವೆಟರಿನೊಳಗೆ ನಾನು ಬೆಚ್ಚಗಿರಬೇಕಾಯಿತು. ಒಳ್ಳೆಯ ಸ್ವೆಟರು. ಅದೂ ಒಂದು ಸಂಕಟ.

ಸ್ಟಾಕ್‌ಹೋಮಿನ ಹೋಟೆಲಿನಲ್ಲಿ ಅವರ ಕಿಟಕಿಗೆ ನೀರು, ದೋಣಿ, ಬೆಳ್ಳಗಿನ ಹಕ್ಕಿಗಳು. ನಮ್ಮ ಕಿಟಕಿಗೆ ಹೋಟೆಲಿನ ಕಸದ ಡಬ್ಬಗಳು. "ಎಷ್ಟು ನೀಟಾಗಿ ಜೋಡಿಸಿದಾರೆ ನೋಡ್ರೀ!" ಎಂದು ನನ್ನ ಹೆಂಡತಿ ಮಾಲಿನಿ ಮೆಚ್ಚಿಕೊಂಡು ಅದರದೇ ಫೋಟೋ ತೆಗೆದಳು. ಅಸೂಯೆಯಲ್ಲಿ ಅವಳಿಂದ ನನಗೆ ಒಂದು ದಿನವೂ ಸಹಾಯವಾಗಿಲ್ಲ. ನಾರ್ವೆಯಲ್ಲಿ ಹಡಗಿನ ಬಲಗಡೆ ನಿಂತಿದ್ದ ಸುಧೀಂದ್ರನಿಗೆ ನೀರಿನಲ್ಲಿ ಸೀಲ್ ಪ್ರಾಣಿ ಕಾಣಿಸಿತು. ನಾನು ಬಲಗಡೆಗೆ ಓಡುವಷ್ಟರಲ್ಲಿ ಅದು ಮುಳುಗಿತು. ಅಲ್ಲೇ ಮುಕ್ಕಾಲು ಗಂಟೆ ಕಾದೆ. ಅಷ್ಟರಲ್ಲಿ ಅವನು ಸುಮ್ಮನೆ ಎಡಗಡೆಗೆ ಹೋದ. ಅಲ್ಲಿ ಎರಡು ಎದ್ದವು.

ಬರ್ಗೆನ್ನಿನಲ್ಲಿ ಮಳೆ. ಕಲ್ಲು ಹಾಸಿದ ಬೀದಿಯಲ್ಲಿ, ನಮ್ಮೆಲ್ಲರ ಫೋಟೋ ತೆಗೆಯಲೆಂದು ಹಿಂದೆ ಹಿಂದೆ ಸರಿಯುತ್ತಿದ್ದ ಸುಧೀಂದ್ರ ಜಾರಿ ಬಿದ್ದ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅವನು ನೆಲ ಮುಟ್ಟುವ ಮೊದಲೇ ನನ್ನೊಳಗೆ ಒಂದು ತಂಪು ಹರಿದುಹೋಯಿತು. ಆಮೇಲೆ ನಾಚಿಕೆಯಾಗಿ, ಎಲ್ಲರಿಗಿಂತ ಮೊದಲು ಓಡಿಹೋಗಿ ಎತ್ತಿದೆ. ಕಾಲು ಉಳುಕಿತ್ತು. ಹೋಟೆಲಿನವರು ಗಾಲಿಕುರ್ಚಿ ಕೊಟ್ಟರು.

ಅಲ್ಲಿಂದ ಅವನ ನಿಜವಾದ ವೈಭವ ಶುರುವಾಯಿತು. ಸಾಲುಗಳೆಲ್ಲ ಅವನಿಗೆ ದಾರಿ ಬಿಟ್ಟವು. ಕಾಫಿ ಅಂಗಡಿಯ ಹುಡುಗಿ ಏಲಕ್ಕಿ ಬನ್ನು ಸುಮ್ಮನೆ ಕೊಟ್ಟಳು. ಅವನ ಹೆಂಡತಿ ವೈಶಾಲಿ ಛತ್ರಿ ಹಿಡಿದರೆ, ನನ್ನ ಹೆಂಡತಿ ಫ್ಲಾಸ್ಕು ಹಿಡಿದಳು. "ಪಾಪ ಕಣ್ರೀ, ಎಷ್ಟು ನೋವಿದ್ರೂ ನಗ್ತಾನೇ ಇದಾರೆ" ಎಂದಳು.

"ಅವನಿಗೇನು, ಕೂತಿದಾನೆ" ಎಂದೆ.

ಊರೆಲ್ಲ ಏರು. ಎರಡು ದಿನ ತಳ್ಳಿದವನು ನಾನು. ಉಳುಕಿದ ಕಾಲಿನ ಮೇಲೂ ಹೊಟ್ಟೆಕಿಚ್ಚುಪಟ್ಟ ಮನುಷ್ಯ ನಾನೊಬ್ಬನೇ ಇರಬೇಕು. ನೈರೋಬಿಯಲ್ಲಿ ಇಳಿದಾಗಲೂ ಟ್ಯಾಕ್ಸಿಯವನು ಅವನ ಕಾಲು ನೋಡಿ "ಪೋಲೆ, ಪೋಲೆ ಸಾನಾ" ಎಂದು ಸ್ವಾಹಿಲಿಯಲ್ಲಿ 'ಅಯ್ಯೋ ಪಾಪ' ಹೇಳಿ ಮರುಗಿದ. ನಾಲ್ಕು ಪೆಟ್ಟಿಗೆ ಹೊತ್ತು ನಿಂತ ನನ್ನ ಸೊಂಟಕ್ಕೆ ಒಂದು ಪೋಲೆಯೂ ಸಿಗಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಕನ್ನಡದವರೆಲ್ಲ ಅವನನ್ನು ನೋಡಲು ಬಂದರು. ದಿಂಬಿನ ಮೇಲೆ ಕಾಲಿಟ್ಟು ಕೂತಿದ್ದ ಸುಧೀಂದ್ರ ಸೀಲ್ ಬಗ್ಗೆ ಹೇಳಲಿಲ್ಲ, ಕಿಟಕಿಯ ಬಗ್ಗೆಯೂ ಹೇಳಲಿಲ್ಲ. ನನ್ನನ್ನು ತೋರಿಸಿ, "ಎರಡು ದಿನ ಆ ಏರಿನಲ್ಲಿ ನನ್ನನ್ನ ತಳ್ಳಿದಾನೆ. ಒಂದ್ಸಲನಾದ್ರೂ ಮುಖ ಸಿಂಡರಿಸಿದ್ರೆ ಕೇಳಿ! ನನಗೆ ಅಣ್ಣ ತಮ್ಮ ಯಾರೂ ಇಲ್ಲ. ಈಗ ಇದಾನೆ" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ತಳ್ಳುವಾಗ ನಾನು ಗಾಲಿಕುರ್ಚಿಯ ಹಿಂದಿದ್ದೆ. ನನ್ನ ಮುಖ ಅವನಿಗೆ ಹೇಗೆ ಕಾಣಬೇಕು? ಬಂದವರೆಲ್ಲ ನನ್ನನ್ನು ಗೌರವದಿಂದ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಉಪ್ಪಿಟ್ಟು ಕೆದಕುತ್ತಾ, ಸುಧೀಂದ್ರ ವರ್ಣಿಸುತ್ತಿದ್ದ ಆ ಒಳ್ಳೆಯ ಮನುಷ್ಯನ ವಿಷಯವನ್ನೆಲ್ಲ ಕೇಳಿಸಿಕೊಂಡೆ. ಜೀವನದಲ್ಲಿ ಯಾರ ಮೇಲೂ ಅಷ್ಟು ಹೊಟ್ಟೆಕಿಚ್ಚಾಗಿರಲಿಲ್ಲ.