ಸಕ್ಕರೆ ಸೇರಿಸಿಲ್ಲ

ಸಕ್ಕರೆ ಡಬ್ಬಕ್ಕೆ ಬೀಗ ಹಾಕಬಹುದು, ಮಾವನ ನಾಲಿಗೆಗೆ ಹಾಕುವುದು ಹೇಗೆ? ಇದು ನಮ್ಮ ಅಕ್ಷರಬ್ರಹ್ಮನ ತಲೆನೋವು. ಹೆಂಡತಿಯ ಅಪ್ಪ ಚಿಕಿತ್ಸೆಗೆಂದು ಮನೆಗೆ ಬಂದಿದ್ದರು. ಕಾಲಿನ ಹೆಬ್ಬೆರಳ ಗಾಯ ಮಾಯುತ್ತಿರಲಿಲ್ಲ. ರಕ್ತದಲ್ಲಿ ಸಕ್ಕರೆ ಇಳಿಯದಿದ್ದರೆ ಬೆರಳನ್ನು ಮರೆತುಬಿಡಿ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಅಕ್ಷರಬ್ರಹ್ಮ ಎಂಬುದು ಬಿಸ್ಕತ್ತು ಕಾರ್ಖಾನೆಯವರು ಕೊಟ್ಟ ಬಿರುದು. ಪೊಟ್ಟಣದ ಮೇಲಿನ ಮಾತು ಬರೆಯುವುದು ಆತನ ಉದ್ಯೋಗ. 'ನಾರಿನ ಭಂಡಾರ', 'ಹೃದಯದ ಗೆಳೆಯ' ಎಲ್ಲವೂ ಆತನ ಕೃತಿಗಳೇ. (ಗೆಳೆಯನ ಮೈತುಂಬ ವನಸ್ಪತಿ ತುಪ್ಪ ಎಂಬುದು ಬೇರೆ ಮಾತು.) ಮಾವನಿಗೆ ಇದೊಂದೂ ಗೊತ್ತಿರಲಿಲ್ಲ. ಅಳಿಯ ಕಾರ್ಖಾನೆಯಲ್ಲಿ ಡಬ್ಬ ಎಣಿಸುತ್ತಾನೆ ಎಂದೇ ಅವರು ತಿಳಿದಿದ್ದರು. ಅದಕ್ಕಿಂತ ದೊಡ್ಡದು ಅವನ ಕೈಲಾದೀತು ಎಂಬ ಅನುಮಾನವೂ ಅವರಿಗೆ ಬಂದದ್ದಿಲ್ಲ.

ಸಪ್ಪೆ ಚಹಾದ ಮುಂದೆ ಮುದುಕರು ಮುಖ ಬಾಡಿಸಿಕೊಂಡು ಕೂರುವುದನ್ನು ನೋಡಲಾರದೆ ಆತ ಕಾರ್ಖಾನೆಯ ಹೊಸ ಬಿಸ್ಕತ್ತು ತಂದುಕೊಟ್ಟ. ಮುಂಬದಿಯಲ್ಲಿ ಹಸಿರು ದಪ್ಪಕ್ಷರ: 'ಸಕ್ಕರೆ ಸೇರಿಸಿಲ್ಲ'. ಮಾವ ಕನ್ನಡಕ ಏರಿಸಿ ಓದಿದರು. ಮದುವೆಯಾದಂದಿನಿಂದ ಮೊದಲ ಸಲ ಅಳಿಯನನ್ನು ನೋಡಿ ನಕ್ಕರು. ಆ ನಗೆಯ ಆಸೆಗೆ ಮನೆಗೆ ಪೊಟ್ಟಣಗಳು ಬರುತ್ತಲೇ ಹೋದವು.

ಸಕ್ಕರೆಯೂ ಏರುತ್ತಲೇ ಹೋಯಿತು. ಹೆಂಡತಿ ಅಪ್ಪನ ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿದಳು, ಹಣ್ಣು ನಿಲ್ಲಿಸಿದಳು. ಅಕ್ಷರಬ್ರಹ್ಮನಿಗೆ ಪತ್ತೇದಾರಿಕೆಯ ಹುಚ್ಚು ಹತ್ತಿತು. ಮಾವನ ಹಾಸಿಗೆ ಎತ್ತಿದ, ದಿಂಬು ಕೊಡವಿದ, ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬಿಗೂ ಕೈ ಹಾಕಿದ.

"ಈ ವಯಸ್ಸಲ್ಲಿ ಕದ್ದು ತಿನ್ನೋದು ನಿಮಗೆ ಶೋಭಿಸುತ್ತಾ ಮಾವ?"

ಮುದುಕರು ಕಾಲಿನ ಬ್ಯಾಂಡೇಜನ್ನೇ ನೋಡುತ್ತಿದ್ದರು. "ನೀವು ತಂದುಕೊಟ್ಟಿದ್ದು ಬಿಟ್ಟು ಬೇರೇನೂ ಮುಟ್ಟಿಲ್ಲ, ಅಳಿಯಂದ್ರೇ. ಮಗಳ ಆಣೆ."

ಹೆಂಡತಿ ಖಾಲಿ ಪೊಟ್ಟಣ ಎತ್ತಿಕೊಂಡು ಕಿಟಕಿಯ ಬಳಿ ಹೋದಳು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ಅಪ್ಪನ ಕನ್ನಡಕ ಇಸಿದುಕೊಂಡು ತಡವರಿಸುತ್ತ ಓದಿದಳು: ಖರ್ಜೂರದ ಪಾಕ, ದ್ರಾಕ್ಷಿರಸದ ಗಟ್ಟಿಪಾಕ.

"ಇದು ಸಕ್ಕರೆ ಅಲ್ವೇನ್ರೀ?"

ಕಾಯಿದೆ ಕೇಳಿದ್ದೆಲ್ಲ ಹಿಂದೆ ಇದೆಯಲ್ಲ ಎಂದು ಆತ ತೊದಲಿದ. ಹಾಗಾದರೆ ಮುಂದೆ ಅಷ್ಟು ದಪ್ಪಕ್ಕೆ, ಹಿಂದೆ ಇಷ್ಟು ಸಣ್ಣಕ್ಕೆ ಯಾಕೆ ಎಂದು ಅವಳು ಕೇಳಿದಳು. ಅದಕ್ಕೆ ಕಾರ್ಖಾನೆಯಲ್ಲಿ ಉತ್ತರವಿತ್ತು, ಮನೆಯಲ್ಲಿ ಇರಲಿಲ್ಲ. ಮುಂಬದಿ ಆತನದು, ಹಿಂಬದಿ ಬೇರೆ ವಿಭಾಗದಿಂದ ಬರುತ್ತಿತ್ತು. ಅದನ್ನು ಆತ ಜಾಗಕ್ಕೆ ತಕ್ಕಂತೆ ಕುಗ್ಗಿಸುತ್ತಿದ್ದನೇ ಹೊರತು ಓದುತ್ತಿರಲಿಲ್ಲ. ಹಿಂದೆ ತಿರುಗಿಸಿ ಯಾರೂ ನೋಡುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಎಷ್ಟು ಕಾರ್ಖಾನೆಗಳು ನಿಂತಿವೆಯೋ. ನೋಡದವರಲ್ಲಿ ಬರೆದವನೂ ಒಬ್ಬ ಎಂಬುದಷ್ಟೇ ಇಲ್ಲಿಯ ವಿಶೇಷ.

ಅಂದು ಆತನಿಗೆ ಊಟ ಸೇರಲಿಲ್ಲ. ಮುದುಕರ ಜೇಬಿಗೆ ಹಾಕಿದ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಮಾವನ ಕಾಲ ಬಳಿ ಕುಕ್ಕರಿಸಿ, ತಪ್ಪಾಯಿತು ಎಂದು ಹೇಳಿ, ಬಿಸ್ಕತ್ತಿನ ಪೊಟ್ಟಣಕ್ಕೆ ಕೈ ಚಾಚಿದ. ಮುದುಕರು ಪೊಟ್ಟಣವನ್ನು ಮಡಿಲಿಗೆ ಎಳೆದುಕೊಂಡರು.

"ಕಳ್ಳ ಅಂದ್ರಿ, ಸಹಿಸ್ಕೊಂಡೆ. ಈಗ ಇದನ್ನೂ ಕಿತ್ಕೋತೀರಾ? ಇಲ್ಲಿ ಬರೆದಿದೆ, ಓದಿ. ಅಚ್ಚಾದ ಮಾತು. ತಿಳಿದವರು ಬರೆದಿರ್ತಾರೆ."

"ಅದನ್ನ ಬರೆದಿದ್ದು ನಾನೇ, ಮಾವ."

ಮುದುಕರು ಅಳಿಯನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಭುಜ ಕುಲುಕತೊಡಗಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಪಾಪ, ಹಸಿವಿಗೆ ಏನೇನೋ ಮಾತಾಡ್ತಿದ್ದಾರಮ್ಮ ನಿನ್ನ ಗಂಡ" ಎಂದು ಮಗಳಿಗೆ ಹೇಳಿ, ಪೊಟ್ಟಣ ಬಿಚ್ಚಿ ಅಳಿಯನ ಅಂಗೈಗೆ ಒಂದು ಬಿಸ್ಕತ್ತು ಇಟ್ಟು, ತಾವೂ ಒಂದನ್ನು ಕಚ್ಚಿದರು.